ಬೋರ್ಡ್ ತೆಗೀಬ್ಯಾಡ್ರಿ ಕಾಕು: ಟಿಳಕವಾಡಿಯ ಒಂದು ಮೆಸ್ಸಿನ ಬಗ್ಗೆ

ಮನೆಯ ಊಟ ಬಿಟ್ಟು ಬಂದು ಬೆಳಗಾವಿಯ ಟಿಳಕವಾಡಿಯಲ್ಲಿ ರೂಮು ಹಿಡಿದ ಯಾರೇ ಕೇಳಿದರೂ ನಾನು ತೋರಿಸುವುದು ಒಂದೇ ಮೆಸ್. ಕಾಂಗ್ರೆಸ್ ರೋಡ್ ಹಿಡಿದು ಬಂದು ಎರಡನೇ ರೇಲ್ವೆ ಗೇಟಿನ ಹತ್ತಿರ ಒಳಗಿನ ಓಣಿಗೆ ಹೊರಳಿದರೆ ಹಳೆಯ ಹಂಚಿನ ಮನೆಯೊಂದಿದೆ. ಅದರ ಪಡಸಾಲೆಯೇ ಊಟದ ಕೋಣೆ. ಬಾಗಿಲ ಮೇಲೆ ನೀಲಿ ತಗಡಿನ ಬೋರ್ಡು. ಅದರ ಮೇಲೆ ದೇವರ ಹೆಸರಿಲ್ಲ, ಮಾಲಕರ ಹೆಸರಿಲ್ಲ, 'ಶುದ್ಧ ಶಾಕಾಹಾರಿ' ಎಂಬ ಸಾಲೂ ಇಲ್ಲ. ಬಿಳಿ ಬಣ್ಣದಲ್ಲಿ 'ಮೆಸ್' ಎಂದು ಬರೆದಿದೆ, ಕೆಳಗೆ ಊಟದ ಹೊತ್ತು, ಅಷ್ಟೇ. ನಡೆಸುವ ಹೆಣ್ಣುಮಗಳನ್ನು ಉಣ್ಣಲು ಬರುವವರೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ. ಇಲ್ಲಿ ರೊಟ್ಟಿ ಬಲು ಚಲೋ, ಪಲ್ಯ ದಿನಾ ಬೇರೆ, ಲೆಕ್ಕ ನೇರ. ಎರಡು ದೂರುಗಳೂ ಇವೆ, ಅವನ್ನೂ ಹೇಳುತ್ತೇನೆ.

ನಾನು ಸರಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ಸಂಸಾರ ಜಮಖಂಡಿಯಲ್ಲಿದೆ. ವರ್ಗವಾಗಿ ಇಲ್ಲಿಗೆ ಬಂದ ಮೇಲೆ ವಾರದ ದಿನಗಳ ಊಟವೆಲ್ಲ ಕಾಕುವಿನ ಕೈಯದು. ಪೇಪರು ತಿದ್ದಿ, ಮರುದಿನದ ಪಾಠ ನೋಡಿಕೊಂಡ ಮೇಲೆ ಒಬ್ಬಳಿಗಾಗಿ ಒಲೆ ಹಚ್ಚುವ ಉಮೇದು ಉಳಿಯುವುದಿಲ್ಲ. ನನ್ನಂಥವರು ಬೆಳಗಾವಿಯಲ್ಲಿ ಬಹಳ. ಕಾಲೇಜು ಹುಡುಗರು, ಆಸ್ಪತ್ರೆಯ ನರ್ಸುಗಳು, ಬ್ಯಾಂಕಿಗೆ ವರ್ಗವಾಗಿ ಬಂದವರು, ಔಷಧ ಕಂಪನಿಯ ರೆಪ್‌ಗಳು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು. ಇವರೆಲ್ಲ ದಿನಾ ಎರಡು ಹೊತ್ತು ಏನು ಉಣ್ಣುತ್ತಾರೆ ಎಂಬುದರ ಮೇಲೆ ಅವರ ತಬ್ಯೇತು, ಓದು, ಮನಸ್ಸು ಎಲ್ಲ ನಿಂತಿರುತ್ತದೆ. ಹೋಟೆಲಿನ ಊಟ ನಾಲ್ಕು ದಿನ ರುಚಿ, ಐದನೇ ದಿನ ಹೊಟ್ಟೆ ಬೇಡ ಎನ್ನುತ್ತದೆ. ತಿಂಗಳುಗಟ್ಟಲೆ ಉಣ್ಣುವ ಊಟದ ಗುಣವೇ ಬೇರೆ. ಅದಕ್ಕೇ ಮೆಸ್ಸನ್ನು ಹೋಟೆಲಿನ ಅಳತೆಯಿಂದ ಅಳೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಲೆಕ್ಕ. ಎರಡು ಹೊತ್ತಿನ ಊಟಕ್ಕೆ ತಿಂಗಳಿಗೆ ₹2,800. ಒಂದೇ ಹೊತ್ತಾದರೆ ₹1,500. ತಿಂಗಳ ಖಾತೆ ಇಲ್ಲದವರಿಗೆ ಗೆಸ್ಟ್ ಪ್ಲೇಟ್ ₹80. ರೊಟ್ಟಿಗೆ ಮಿತಿಯಿಲ್ಲ, ಚಪಾತಿಯಾದರೆ ಮೂರು. ಗೋಡೆಯ ಮೊಳೆಗೆ ದಾರ ಕಟ್ಟಿ ಒಂದು ಉದ್ದನೆಯ ವಹಿ ತೂಗುಹಾಕಿದ್ದಾರೆ. ಉಂಡವರು ತಮ್ಮ ಹೆಸರಿನ ಪುಟದಲ್ಲಿ ತಾವೇ ಗುರುತು ಹಾಕಬೇಕು. ಯಾರೂ ಕಾವಲು ನಿಂತು ನೋಡುವುದಿಲ್ಲ. ಬರದ ದಿನಕ್ಕೆ ಖಾಡಾ, ಅಂದರೆ ಗೈರುಹಾಜರಿ, ಬರೆಯಬೇಕು, ಅದರ ತಕರಾರು ಆಮೇಲೆ.

ಇನ್ನು ರೊಟ್ಟಿ. ಪಡಸಾಲೆಯಲ್ಲಿ ಬಾಗಿಲ ಕಡೆಯ ಮೇಜಿಗೆ ಕೂತರೆ ಅಡುಗೆಮನೆಯ ಒಲೆ ನೇರ ಕಾಣುತ್ತದೆ. ನನಗೆ ಆ ಜಾಗವೇ ಇಷ್ಟ. ಕಾಕು ಮಾಲದಂಡಿ ಜೋಳವನ್ನು ವಿಜಯಪುರದ ಕಡೆಯಿಂದ ತರಿಸಿ, ಒಮ್ಮೆಗೆ ಸ್ವಲ್ಪ ಸ್ವಲ್ಪವೇ ಬೀಸಿಸುತ್ತಾರೆ. ಹಿಟ್ಟು ಹಳತಾದರೆ ಜಿಗಿ ಹೋಗಿ ರೊಟ್ಟಿಯ ಅಂಚು ಸೀಳುತ್ತದೆ. ಗೋಧಿಗೆ ಇರುವ ಅಂಟು ಜೋಳಕ್ಕಿಲ್ಲ, ಅದಕ್ಕೇ ಕುದಿಯುವ ನೀರು ಬೇಕು. ಪರಾತದಲ್ಲಿ ಹಿಟ್ಟಿನ ನಡುವೆ ಕುಣಿ ಮಾಡಿ ಎಸರು ಸುರಿದು, ಕೈ ತಾಳುವಷ್ಟು ಆರಿದ ಕೂಡಲೇ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದುತ್ತಾರೆ. ಆಮೇಲೆ ತಟ್ಟುವ ಸಪ್ಪಳ. ಉಂಡೆ ಅವರ ಕೈಕೆಳಗೆ ತಾನೇ ತಿರುಗುತ್ತ ಅಗಲವಾಗುತ್ತದೆ. ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲ್ಮೈಯ ಹಿಟ್ಟನ್ನು ಒರಸಿ, ನೀರು ಆರುವಷ್ಟರಲ್ಲಿ ತಿರುವಿಹಾಕಿ, ಕಡೆಗೆ ಉರಿಗೆ ಹಿಡಿದಾಗ ರೊಟ್ಟಿ ಎರಡು ಪದರಾಗಿ ಉಬ್ಬುತ್ತದೆ. ಆ ಉಬ್ಬಿದ್ದು ಇಳಿಯುವ ಮೊದಲೇ ತಟ್ಟೆಗೆ ಬಂದಿರುತ್ತದೆ. "ಇನ್ನೊಂದು ಹಾಕ್ಲೇನ್ರಿ ಅಕ್ಕೋರ?" ಎಂದು ಕೇಳುವ ಹೊತ್ತಿಗೆ ಕೈಯಲ್ಲಿ ಇನ್ನೊಂದು ಇದ್ದೇ ಇರುತ್ತದೆ.

ಪಲ್ಯಗಳಲ್ಲಿ ಮಡಿಕೆಕಾಳಿನ ಉಸುಳಿ, ಹೆಸರುಕಾಳು, ಝುಣಕ, ಪುಂಡಿಪಲ್ಯ ಎಲ್ಲವೂ ಸರದಿಯಲ್ಲಿ ಬರುತ್ತವೆ. ಅದರಲ್ಲಿ ಬುಧವಾರದ ಎಣ್ಣೆಗಾಯಿಯನ್ನು ಪ್ರತ್ಯೇಕ ಹೇಳಲೇಬೇಕು. ಎಳೆಯ ಬದನೆಕಾಯಿಯನ್ನು ತೊಟ್ಟು ತೆಗೆಯದೆ ನಾಲ್ಕು ಸೀಳು ಮಾಡಿ, ಹುರಿದ ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿಯ ಪುಡಿಗೆ ಹುಣಸೆ ಬೆಲ್ಲ ಕೂಡಿಸಿ ತುಂಬುತ್ತಾರೆ. ಬಹಳ ಕಡೆ ಮಸಾಲೆಯನ್ನು ಹೊರಗೆ ಗೊಜ್ಜು ಮಾಡಿ ಬದನೆಕಾಯಿಯನ್ನು ಅದರಲ್ಲಿ ಮುಳುಗಿಸಿಬಿಡುತ್ತಾರೆ. ಇಲ್ಲಿ ಕಾಯಿ ಕಾಯಾಗಿಯೇ ಉಳಿದಿರುತ್ತದೆ, ತೊಟ್ಟು ಹಿಡಿದು ಎತ್ತಿದರೆ ಪೂರ್ತಿ ಎದ್ದು ಬರುತ್ತದೆ, ಬಾಯಿಗಿಟ್ಟರೆ ಕರಗುತ್ತದೆ. ಅಮವಾಸ್ಯೆಗೆ ಹೋಳಿಗೆ, ಕಟ್ಟಿನ ಸಾರು. ಅನ್ನ ಮಾತ್ರ ಸಾಧಾರಣ, ರಾತ್ರಿ ಹೊತ್ತು ಸ್ವಲ್ಪ ಮುದ್ದೆಯೇ ಆಗಿರುತ್ತದೆ.

ಪಡಸಾಲೆಯಲ್ಲಿ ಇರುವುದೆಲ್ಲ ನಾಲ್ಕು ಮಂದಿಯ ಮೇಜುಗಳು. ಪ್ರತಿ ಮೇಜಿನ ನಡುವೆ ಒಂದು ಸ್ಟೀಲಿನ ಡಬರಿಯಲ್ಲಿ ಶೇಂಗಾ ಚಟ್ನಿ, ಒಂದರಲ್ಲಿ ರಂಜಕ, ಒಂದು ತಾಟಿನಲ್ಲಿ ಹೆಚ್ಚಿದ ಉಳ್ಳಾಗಡ್ಡಿ, ಸೌತೆಕಾಯಿ, ಮೆಂತ್ಯಸೊಪ್ಪು. ಇವು ನಾಲ್ವರಿಗೂ ಸೇರಿದ್ದು. ಪರಿಚಯವಿಲ್ಲದವರ ಜೊತೆ ಕೂತರೂ "ಚಟ್ನಿ ಸರಿಸ್ರಿ" ಎನ್ನದೆ ಊಟ ಮುಗಿಯುವುದಿಲ್ಲ. ಹಾಗೆ ಮಾತು ಶುರುವಾಗಿ ಗೆಳೆತನವಾದವರು ಇಲ್ಲಿ ಎಷ್ಟೋ ಮಂದಿ. ಈ ನಾಲ್ಕರ ಮೇಜನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಚೆಗೆ ಕಾಕುವಿನ ಅಣ್ಣನ ಮಗ ಪುಣೆಯಿಂದ ಬಂದಿದ್ದ. ಅಲ್ಲಿ ಕಂಪನಿಯಲ್ಲಿದ್ದಾನೆ, ತಿಳಿದ ಹುಡುಗ, ಅತ್ತೆಯ ವ್ಯಾಪಾರ ಬೆಳೆಯಲಿ ಎಂಬ ಕಾಳಜಿಯಿಂದಲೇ ಹೇಳಿದ: "ಅತ್ತಿ, ಇಂಗ್ಲಿಷ್‌ನ್ಯಾಗ ಮೆಸ್ ಅಂದ್ರ ಗೊಂದಲ, ಹೊಲಸು ಅಂತ ಅರ್ಥ. ಊಟದ ಮನಿಗೆ ಯಾರರೆ ಅಂಥಾ ಹೆಸರು ಇಡ್ತಾರೇನು? ಫ್ಯಾಮಿಲಿ ರೆಸ್ಟೋರೆಂಟ್ ಅಂತ ಬರಸು." ಫೋನಿನಲ್ಲಿ ನಿಘಂಟು ತೆಗೆದು ತೋರಿಸಿಯೂ ಬಿಟ್ಟ. ಕಾಕುಗೆ ಅದು ಚುಚ್ಚಿತು. ಮರುದಿನ ನಾನು ಕೈ ತೊಳೆದು ಬರುವಾಗ ದಾರಿಗೆ ಅಡ್ಡ ನಿಂತು ಕೇಳಿದರು: "ಅಕ್ಕೋರ, ನೀವು ಇಂಗ್ಲಿಷ್ ಕಲಸಾವ್ರು. ಖರೇ ಹೇಳ್ರಿ, ಇಷ್ಟ ವರ್ಷ ನನ್ನ ಬೋರ್ಡಿನ ಮ್ಯಾಲೆ ಹೊಲಸು ಅಂತ ಬರದೈತೇನ್ರಿ?"

ಆ ಪ್ರಶ್ನೆಗೆ ಅಲ್ಲೇ ನಿಂತು ಅರ್ಧಂಬರ್ಧ ಉತ್ತರ ಕೊಡಲು ನನಗೆ ಮನಸ್ಸಾಗಲಿಲ್ಲ. ಊಟ ಮುಗಿದು ಮೇಜುಗಳು ಖಾಲಿಯಾದ ಮೇಲೆ ಕೂತು ಹೇಳಿದೆ. ಅದನ್ನೇ ಇಲ್ಲಿಯೂ ಬರೆಯುತ್ತೇನೆ. ಏಕೆಂದರೆ ಇದೇ ಮಾತು ಹೇಳಿ ಮೆಸ್ ನಡೆಸುವ ಬೇರೆ ಹೆಣ್ಣುಮಕ್ಕಳನ್ನೂ ಯಾರಾದರೂ ಅಳುಕಿಸಬಹುದು.

ಮೆಸ್ ಎಂಬ ಪದ ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದದ್ದು ಸುಮಾರು 1300ರ ಹೊತ್ತಿಗೆ. ಬರುವಾಗ ಅದು ತಂದ ಅರ್ಥ ಒಂದೇ: ಬಡಿಸಿದ ಊಟ, ಒಂದು ಬಟ್ಟಲು ಅಡುಗೆ, ಒಬ್ಬರ ಮುಂದೆ ಇಟ್ಟ ಪಾಲು. ಅದರ ಬೇರು ಲ್ಯಾಟಿನ್ನಿನ 'ಮಿತ್ತೆರೆ' ಎಂಬ ಕ್ರಿಯಾಪದದಲ್ಲಿದೆ, ಕಳಿಸು ಎಂದು ಅರ್ಥ. ಆಮೇಲಿನ ಕಾಲದಲ್ಲಿ ಇಡು ಎಂಬ ಅರ್ಥವೂ ಅದಕ್ಕೆ ಸೇರಿತು. ಅಡುಗೆಮನೆಯಿಂದ ಕಳಿಸಿದ್ದು, ಉಣ್ಣುವವರ ಮುಂದೆ ಇಟ್ಟದ್ದು ಮೆಸ್. ಅದೇ ಬೇರಿನಿಂದ ಮೆಸೇಜ್ ಹುಟ್ಟಿದೆ, ಮಿಷನ್ ಹುಟ್ಟಿದೆ, ಅಡ್ಮಿಷನ್, ಪರ್ಮಿಟ್, ಪ್ರಾಮಿಸ್, ಕಡೆಗೆ ಮಿಸೈಲ್ ಕೂಡ. ಫ್ರೆಂಚರು ಈಗಲೂ ಭಕ್ಷ್ಯಕ್ಕೆ ಅದೇ ಪದವನ್ನು 'ಮೆ' ಎಂದು ಉಚ್ಚರಿಸುತ್ತಾರೆ. ಕಾಕುಗೆ ನಾನು ಹೇಳಿದ್ದು ಇಷ್ಟು: ನಾವು ಎಡೆ ಎನ್ನುತ್ತೇವಲ್ಲ, ಮೊದಲಿಗೆ ಮೆಸ್ ಅಂದರೆ ಅದು.

1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲಿನಲ್ಲಿ ಈ ಅರ್ಥ ಸ್ಪಷ್ಟ ಕಾಣುತ್ತದೆ. ಬರಗಾಲದಲ್ಲಿ ಧಾನ್ಯ ಕೇಳಿಕೊಂಡು ಈಜಿಪ್ಟಿಗೆ ಬಂದ ತನ್ನ ಅಣ್ಣತಮ್ಮಂದಿರಿಗೆ ಅಲ್ಲಿ ದೊಡ್ಡ ಅಧಿಕಾರಿಯಾಗಿದ್ದ ಯೋಸೇಫ ಊಟ ಹಾಕಿಸುತ್ತಾನೆ. ಎಲ್ಲರ ಮುಂದೆ ಪಾಲು ಬರುತ್ತದೆ, ಕಿರಿಯವನಾದ ಬೆನ್ಯಾಮೀನನ ಮೆಸ್ ಮಾತ್ರ ಉಳಿದವರದಕ್ಕಿಂತ ಐದು ಪಟ್ಟು. ಒಡಹುಟ್ಟಿದ ತಮ್ಮನ ಮೇಲಿನ ಪ್ರೀತಿಯನ್ನು ಬಡಿಸುವ ಅಳತೆಯಲ್ಲೇ ತೋರಿಸಿದ ಜಾಗ ಅದು. ಹಸಿದು ಬಂದ ಏಸಾವ ಒಂದು ಬಟ್ಟಲು ಕೆಂಪು ಬೇಳೆಯ ಸಾರಿಗೆ ಹಿರಿಮಗನ ಹಕ್ಕನ್ನೇ ತಮ್ಮನಿಗೆ ಮಾರಿದ ಕಥೆ ಇನ್ನೊಂದು. ಆ ಬಟ್ಟಲಿಗೆ ಇಂಗ್ಲಿಷರು 'ಮೆಸ್ ಆಫ್ ಪಾಟೇಜ್' ಎನ್ನುತ್ತ ಬಂದರು, ಅದು ನುಡಿಗಟ್ಟಾಗಿ ಉಳಿಯಿತು. ಈ ಕಥೆ ಕೇಳಿ ಕಾಕು "ಬ್ಯಾಳಿ ಸಾರಿಗೆ ಹಕ್ಕ ಬಿಟ್ಟನಾ? ಎಷ್ಟ ಹಸದಿರಬೇಕ್ರಿ" ಎಂದರು. ಉಣಿಸುವವರ ಕಣ್ಣಿಗೆ ಮೊದಲು ಕಾಣುವುದು ಹಸಿವೆ.

15ನೇ ಶತಮಾನಕ್ಕೆ ಪದ ಒಂದು ಹೆಜ್ಜೆ ಮುಂದೆ ಹೋಯಿತು. ಬಟ್ಟಲಿನಿಂದ ಅದರ ಸುತ್ತ ಕೂತವರ ಕಡೆಗೆ. ದೊಡ್ಡ ಪಂಕ್ತಿಯ ಊಟದಲ್ಲಿ ನಾಲ್ಕು ಮಂದಿಗೆ ಒಂದರಂತೆ ಪಾತ್ರೆ ಇಡುತ್ತಿದ್ದರು, ಆ ನಾಲ್ವರ ಗುಂಪಿಗೇ ಮೆಸ್ ಎಂದು ಹೆಸರಾಯಿತು. ಲಂಡನ್ನಿನಲ್ಲಿ ಬ್ಯಾರಿಸ್ಟರುಗಳನ್ನು ತಯಾರು ಮಾಡುವ ಇನ್ಸ್ ಆಫ್ ಕೋರ್ಟ್ ಎಂಬ ಹಳೆಯ ಸಂಸ್ಥೆಗಳಲ್ಲಿ ಈ ನಾಲ್ವರ ಮೆಸ್ ಇವತ್ತಿಗೂ ಉಳಿದಿದೆ.

ಈ ನಾಲ್ವರ ಮೆಸ್ಸಿಗೂ ನಮ್ಮ ಟಿಳಕವಾಡಿಗೂ ಒಬ್ಬರಿಂದ ಸಂಬಂಧವಿದೆ. ಗಾಂಧೀಜಿ 1888ರಲ್ಲಿ ಲಂಡನ್ನಿಗೆ ಹೋಗಿ ಇನ್ನರ್ ಟೆಂಪಲ್ ಎಂಬ ಇನ್ ಸೇರಿದರು, 1891ರ ಜೂನಿನಲ್ಲಿ ಬ್ಯಾರಿಸ್ಟರ್ ಆದರು. ಅಲ್ಲಿ ಪರೀಕ್ಷೆ ಪಾಸಾದರೆ ಸಾಲದು, ಊಟಕ್ಕೂ ಹಾಜರಿ ಇತ್ತು. ಒಂದು ಟರ್ಮಿನ ಸುಮಾರು 24 ಊಟಗಳಲ್ಲಿ 6ಕ್ಕಾದರೂ ಹೋಗಿ ಕೂರಬೇಕು, ಹಾಗೆ 12 ಟರ್ಮ್. ಕೂರುವುದು ನಾಲ್ವರ ಗುಂಪಿನಲ್ಲಿ, ಗುಂಪಿಗೆ ಎರಡು ಬಾಟಲಿ ವೈನ್. ಗಾಂಧೀಜಿ ಕುಡಿಯುವವರಲ್ಲ, ಆದ್ದರಿಂದ ಅವರನ್ನು ತಮ್ಮ ಗುಂಪಿಗೆ ಸೇರಿಸಿಕೊಳ್ಳಲು ಪೈಪೋಟಿ ಇತ್ತು ಎಂದು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಉಳಿದ ಮೂವರಿಗೆ ಅವರ ಪಾಲೂ ಸಿಗುತ್ತಿತ್ತು. ಮಾಂಸ ಮುಟ್ಟದ ಅವರಿಗೆ ಆ ಮೇಜಿನ ಮೇಲೆ ಉಣ್ಣಲು ಬರುವಂಥದ್ದು ಬ್ರೆಡ್ಡು, ಬೇಯಿಸಿದ ಬಟಾಟೆ, ಕೋಬಿ. ಮೊದಮೊದಲು ಅವೂ ಸೇರದೆ ಎಷ್ಟೋ ಸಲ ಏನೂ ಉಣ್ಣದೆ ಎದ್ದು ಬರುತ್ತಿದ್ದರಂತೆ.

ಅದೇ ಗಾಂಧೀಜಿ 1924ರ ಡಿಸೆಂಬರಿನಲ್ಲಿ ಬೆಳಗಾವಿಗೆ ಬಂದರು. ಅವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಅದು. ಅದು ನಡೆದದ್ದು ಇಲ್ಲೇ, ಟಿಳಕವಾಡಿಯ ಬಯಲಿನಲ್ಲಿ. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳ್ತನದಲ್ಲಿ ಡೇರೆಗಳ ಒಂದು ಊರೇ ಎದ್ದಿತ್ತು, ಅದಕ್ಕೆ ವಿಜಯನಗರ ಎಂದು ಹೆಸರಿಟ್ಟಿದ್ದರು. ನೀರಿಗಾಗಿ ತೋಡಿದ ಬಾವಿಗೆ ಪಂಪಾ ಸರೋವರ ಎಂದು ಹೆಸರು, ಜನ ಈಗಲೂ ಅದನ್ನು ಕಾಂಗ್ರೆಸ್ ಬಾವಿ ಎನ್ನುತ್ತಾರೆ. ನಾವು ದಿನಾ ಓಡಾಡುವ ಕಾಂಗ್ರೆಸ್ ರೋಡಿನ ಹೆಸರೂ ಅಲ್ಲಿಂದಲೇ. ಆ ಅಧಿವೇಶನದ ನೆನಪಿಗೆ ಕಟ್ಟಿದ ವೀರಸೌಧದ ಮುಂದೆ ಹಾದುಹೋಗುವಾಗ ಭಾಷಣಗಳ ಜೊತೆಗೆ ಅಷ್ಟು ಸಾವಿರ ಮಂದಿಗೆ ಅನ್ನ ನೀರು ಒದಗಿಸಿದವರ ದುಡಿಮೆಯೂ ನನಗೆ ನೆನಪಾಗುತ್ತದೆ. ಕಾಕುಗೆ ಇದನ್ನು ಹೇಳಿದಾಗ ಅವರು ತಮ್ಮ ನಾಲ್ಕರ ಮೇಜುಗಳ ಕಡೆ ಒಮ್ಮೆ ತಿರುಗಿ ನೋಡಿದರು. ಅವು ನಾಲ್ಕರವೇ ಏಕೆ ಎಂದರೆ ಪಡಸಾಲೆಯ ಕಂಬಗಳ ನಡುವೆ ಅಷ್ಟೇ ಹಿಡಿಯುತ್ತದೆ. ಕಾರಣ ಏನೇ ಇರಲಿ, ಒಂದೇ ಡಬರಿಯ ಚಟ್ನಿ ಹಂಚಿಕೊಳ್ಳುವ ನಾಲ್ವರು ಹಳೆಯ ಇಂಗ್ಲಿಷಿನ ಪ್ರಕಾರ ಅಕ್ಷರಶಃ ಒಂದು ಮೆಸ್.

16ನೇ ಶತಮಾನದಿಂದ ಪದ ಸೈನಿಕರ ಪಾಲಿಗೂ ಬಂತು. ಒಟ್ಟಿಗೆ ಉಣ್ಣುವ ಸಿಪಾಯಿಗಳ ಗುಂಪು ಮೆಸ್, ಹಡಗಿನಲ್ಲಿ ಒಂದೇ ಮೇಜಿಗೆ ಉಣ್ಣುವ ಖಲಾಸಿಗಳು ಮೆಸ್‌ಮೇಟ್‌ಗಳು. ಹಳೆಯ ಯುದ್ಧನೌಕೆಗಳಲ್ಲಿ ಎರಡು ತೋಪುಗಳ ನಡುವೆ ಹಲಗೆ ಇಳಿಬಿಟ್ಟು ಅದನ್ನೇ ಊಟದ ಮೇಜು ಮಾಡುತ್ತಿದ್ದರು, ಗುಂಪಿನಲ್ಲಿ ಒಬ್ಬ ಸರದಿಯಂತೆ ಎಲ್ಲರ ಪಾಲನ್ನು ತರುತ್ತಿದ್ದ. ಬರಬರುತ್ತ ಉಣ್ಣುವ ಜಾಗಕ್ಕೂ ಅದೇ ಹೆಸರು ನಿಂತಿತು. ಇಂಗ್ಲಿಷರು ಬೆಳಗಾವಿ ಕೋಟೆಯನ್ನು ಹಿಡಿದದ್ದು 1818ರಲ್ಲಿ. ಆಮೇಲೆ ಇಲ್ಲಿ ದಂಡು ಬೀಡುಬಿಟ್ಟಿತು, ಕ್ಯಾಂಪ್ ಬೆಳೆಯಿತು. ಮರಾಠಾ ಲಘು ಪದಾತಿದಳದ ಕೇಂದ್ರ 1922ರಿಂದ ಇಲ್ಲಿದೆ. ಇಷ್ಟು ಕಾಲ ದಂಡಿನ ಜೊತೆ ಬಾಳಿದ ಊರಿಗೆ ಮೆಸ್ ಎಂಬುದು ಪರಕೀಯ ಮಾತೆಂದು ನನಗೆ ಅನ್ನಿಸುವುದೇ ಇಲ್ಲ.

ಇದನ್ನು ಹೇಳಲು ನನಗೆ ಇನ್ನೊಂದು ಕಾರಣವಿದೆ. ನನ್ನ ಅಪ್ಪ ಕ್ಯಾಂಪಿನ ಒಂದು ಆಫೀಸರ್ಸ್ ಮೆಸ್ಸಿನಲ್ಲಿ ವೇಟರ್ ಆಗಿದ್ದರು. ಜವಾನರ ಅಡುಗೆಮನೆಗೆ ಅವರು ಲಂಗರ್ ಎನ್ನುತ್ತಿದ್ದರು, ಸಾಹೇಬರದಕ್ಕೆ ಮೆಸ್. ದೊಡ್ಡ ಊಟವಿದ್ದ ದಿನ ಮಧ್ಯಾಹ್ನವೇ ಹೋಗಿ ಉದ್ದನೆಯ ಮೇಜಿನ ಈ ತುದಿಯಿಂದ ಆ ತುದಿಗೆ ದಾರ ಎಳೆದು ಹಿಡಿದು, ತಟ್ಟೆಗಳ ಅಂಚು, ಗ್ಲಾಸುಗಳ ಸಾಲು ಎಲ್ಲ ಒಂದೇ ಗೆರೆಗೆ ಬರುವಂತೆ ಸರಿಸಿ ಸರಿಸಿ ಇಡುತ್ತಿದ್ದರು. ಫೋರ್ಕಿನ ಹಲ್ಲುಗಳ ಸಂದಿಯಲ್ಲಿ ಕಲೆ ಉಳಿದರೆ ಇನ್ನೊಮ್ಮೆ ತೊಳೆಯುತ್ತಿದ್ದರು. ಮನೆಯಲ್ಲಿ ನಾವು ತಾಟು ವಾರೆ ಇಟ್ಟರೆ "ಮೆಸ್ಸಿನ್ಯಾಗ ಹಿಂಗ ಇಡ್ತಾರೇನು?" ಎಂದು ಗದರುತ್ತಿದ್ದರು. ಅಪ್ಪನ ಬಾಯಲ್ಲಿ ಮೆಸ್ ಎಂದರೆ ಶಿಸ್ತು, ಶುಚಿ, ಹೊತ್ತಿಗೆ ಸರಿಯಾಗಿ ಊಟ. ಶಾಲೆಯಲ್ಲಿ ಅದೇ ಪದಕ್ಕೆ ಗೊಂದಲ ಎಂಬ ಅರ್ಥ ಕಲಿತಾಗ ನನಗೆ ಸಿಟ್ಟು ಬಂದಿತ್ತು, ಈ ಪದದ ಬೆನ್ನು ಹತ್ತಿದ್ದು ಆ ಸಿಟ್ಟಿನಿಂದಲೇ.

ಹಾಗಾದರೆ ಗೊಂದಲ, ಹೊಲಸು ಎಂಬ ಅರ್ಥ ಎಲ್ಲಿಂದ ಬಂತು? ಅದೂ ಬಟ್ಟಲಿನಿಂದಲೇ. ಮೆಸ್ ಎಂದು ಕರೆಸಿಕೊಳ್ಳುತ್ತಿದ್ದ ಅಡುಗೆ ಬಹಳ ಸಲ ಗಂಜಿ, ಅಂಬಲಿ, ಬೇಳೆಯ ಸಾರಿನಂಥ ಕಲಸಿದ ಪದಾರ್ಥ. 18ನೇ ಶತಮಾನದಲ್ಲಿ ದನ, ಹಂದಿಗಳಿಗೆ ಎಲ್ಲ ಕೂಡಿಸಿ ಹಾಕುವ ಕಲಗಚ್ಚಿಗೂ ಆ ಹೆಸರು ಅಂಟಿತು. ಅಲ್ಲಿಂದ 19ನೇ ಶತಮಾನದ ಮೊದಲ ಭಾಗದಲ್ಲಿ ಯಾವುದೇ ಕಲಬೆರಕೆಗೆ, ಆಮೇಲೆ ಗೊಂದಲಕ್ಕೆ, ಕೊಳಕಿಗೆ. ಅಂದರೆ ಊಟ ಎಂಬ ಅರ್ಥಕ್ಕೆ 700 ವರ್ಷ ವಯಸ್ಸು, ಹೊಲಸು ಎಂಬ ಅರ್ಥಕ್ಕೆ 200 ವರ್ಷವೂ ತುಂಬಿಲ್ಲ. ಆ ಹುಡುಗನ ಫೋನು ಮೊದಲು ತೋರಿಸಿದ್ದು ಕಡೆಗೆ ಹುಟ್ಟಿದ್ದನ್ನು.

ನಮ್ಮ ಭಾಷೆಯೂ ಇದೇ ದಾರಿ ನಡೆದಿದೆ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಎಲ್ಲ ಹಾಳುಮೂಳು ಒಂದಾದಾಗ ನಾವು ಕಲಸುಮೇಲೋಗರ ಎನ್ನುತ್ತೇವೆ. ಮೇಲೋಗರ ಎಂದರೆ ಅನ್ನದ ಜೊತೆ ನಂಚಿಕೊಳ್ಳುವ ವ್ಯಂಜನ. ತಾಟಿನಲ್ಲಿ ಬೇರೆಬೇರೆ ಬಡಿಸಿದ್ದೆಲ್ಲ ಒಂದಕ್ಕೊಂದು ಕಲಸಿಹೋದರೆ ಅದು ಕಲಸುಮೇಲೋಗರ. ಕಿಚಡಿ, ಚಿತ್ರಾನ್ನ ಎಂಬ ಅಡುಗೆಯ ಹೆಸರುಗಳನ್ನೂ ಅದೇ ಅರ್ಥಕ್ಕೆ ಎಳೆಯುತ್ತೇವೆ. ಹಾಗೆಂದು ಯಾರೂ ಮನೆಯಲ್ಲಿ ಕಿಚಡಿ ಮಾಡುವುದನ್ನು ಬಿಟ್ಟಿಲ್ಲ, ಮೇಲೋಗರ ಎಂಬ ಪದಕ್ಕೆ ನಾಚಿಲ್ಲ. ಮತ್ತೆ ಮೆಸ್ಸಿಗೇಕೆ ನಾಚಬೇಕು?

ರೆಸ್ಟೋರೆಂಟ್ ಎಂಬ ಪದವನ್ನೂ ಅಷ್ಟು ಎತ್ತರದಲ್ಲಿ ಕೂರಿಸಬೇಕಿಲ್ಲ. ಫ್ರೆಂಚಿನಲ್ಲಿ ಅದು ಮೊದಲು ಒಂದು ಸಾರಿನ ಹೆಸರು: ದಣಿದವರಿಗೆ, ಬೇನೆಯಿಂದ ಎದ್ದವರಿಗೆ ಕಸುವು ಮರಳಿಸುವ ಮಾಂಸದ ಗಟ್ಟಿ ಸಾರು. ಮರಳಿ ಕಟ್ಟು, ಮೊದಲಿನಂತೆ ಮಾಡು ಎಂಬ ಕ್ರಿಯಾಪದದಿಂದ ಬಂದದ್ದು. 1760ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಆ ಸಾರು ಮಾರುವ ಅಂಗಡಿಗಳು ಎದ್ದವು, ಸಾರಿನ ಹೆಸರೇ ಅಂಗಡಿಗೆ ಬಂತು. ಹೋಟೆಲ್, ಹಾಸ್ಟೆಲ್, ಹಾಸ್ಪಿಟಲ್ ಮೂರೂ ಅತಿಥಿ ಎಂಬ ಒಂದೇ ಲ್ಯಾಟಿನ್ ಬೇರಿನವು. ಈ ಹೆಸರುಗಳೆಲ್ಲ ಹುಟ್ಟಿದ್ದು ಹಸಿದವರ, ಹಾದಿಕಾರರ, ಬೇನೆಬಿದ್ದವರ ಉಪಚಾರದಿಂದ. ಮೆಸ್ ಅವುಗಳಲ್ಲಿ ಯಾವುದಕ್ಕೂ ಕಡಿಮೆಯಲ್ಲ.

ಅಂದಹಾಗೆ, ಲೇಡಿ ಎಂಬ ಪದದ ಮೂಲವನ್ನೂ ಕಾಕುಗೆ ಹೇಳಿದೆ. ಹಳೆಯ ಇಂಗ್ಲಿಷಿನಲ್ಲಿ ಅದು ಎರಡು ಪದಗಳ ಜೋಡಿ, ರೊಟ್ಟಿ ಮತ್ತು ನಾದುವವಳು. ಮನೆಯ ಯಜಮಾನಿ ಎಂದರೆ ಹಿಟ್ಟು ನಾದುವವಳು. ಲಾರ್ಡ್ ಎಂದರೆ ರೊಟ್ಟಿ ಕಾಯುವವನು. ಕಾಕು ಸೆರಗಿನಿಂದ ಕೈ ಒರೆಸಿಕೊಂಡು "ನಾದೂದು ಖರೇನ, ಕಾಯವ್ರ ಯಾರಿದ್ದಾರಿಲ್ಲೆ" ಎಂದರು. ಗಂಡ ತೀರಿಕೊಂಡ ಮೇಲೆ ಇದೇ ಒಲೆಯ ಮೇಲೆ ಇಬ್ಬರು ಮಕ್ಕಳನ್ನು ಓದಿಸಿದವರು ಅವರು.

ಈಗ ದೂರುಗಳು. ಮೊದಲನೆಯದು ಕೈ ತೊಳೆಯುವ ಜಾಗ. ಹಿತ್ತಲ ಬಾಗಿಲಲ್ಲಿ ಒಂದೇ ನಳ, ಅದರ ಕೆಳಗಿನ ಮೋರಿ ಸಣ್ಣದು. ಒಂದೂವರೆಯ ಗದ್ದಲದಲ್ಲಿ ಅನ್ನದ ಅಗುಳು ಸಿಕ್ಕಿ ನೀರು ನಿಲ್ಲುತ್ತದೆ. ಮಳೆಗಾಲದಲ್ಲಿ ಚಪ್ಪಲಿಯ ರಾಡಿಯೂ ಸೇರಿ ಅಲ್ಲಿ ಕಾಲಿಡಲು ಮನಸ್ಸು ಬರುವುದಿಲ್ಲ. ಆ ಮೂಲೆಗೆ ಮಾತ್ರ ಮೆಸ್ ಪದದ ಹೊಸ ಅರ್ಥ ಹೊಂದುತ್ತದೆ ಎಂದು ಕಾಕುಗೆ ನೇರವಾಗಿ ಹೇಳಿದ್ದೇನೆ. ಬೋರ್ಡಿಗೆ ಹಾಕಬೇಕೆಂದಿದ್ದ ಹಣವನ್ನು ಇನ್ನೊಂದು ನಳ, ಒಂದು ಜಾಳಿಗೆ ಹಾಕಿಸಲು ಬಳಸಿರಿ ಎಂದೂ ಹೇಳಿದ್ದೇನೆ.

ಎರಡನೆಯದು ಖಾಡಾದ ನಿಯಮ. ಹಿಂದಿನ ರಾತ್ರಿಯೇ ಹೇಳಿ, ಸತತ ಮೂರು ದಿನ ಬರದಿದ್ದರೆ ಮಾತ್ರ ಹಣ ಕಡಿತ. ಊರಿಗೆ ಹೋಗುವ ವಿದ್ಯಾರ್ಥಿಗಳಿಗೆ ಇದು ಸರಿ. ಆದರೆ ಪಾಳಿಯ ಮೇಲೆ ದುಡಿಯುವ ನರ್ಸುಗಳು ದಿನ ಬಿಟ್ಟು ದಿನ ಒಂದು ಹೊತ್ತು ತಪ್ಪಿಸಿಕೊಳ್ಳುತ್ತಾರೆ, ಅವರಿಗೆ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಅವರಿಗೆ ಕೂಪನ್ ಪುಸ್ತಕ ಕೊಟ್ಟರೆ ನ್ಯಾಯವಾಗುತ್ತದೆ. ಕಾಕುವಿನ ಮಾತೂ ಕೇಳಬೇಕು: "ಹಿಟ್ಟ ನಾದಿ ಇಟ್ಟ ಮ್ಯಾಲೆ ಬರೂದಿಲ್ಲ ಅಂದ್ರ ನಾ ಏನ್ ಮಾಡ್ಲಿ ಅಕ್ಕೋರ?" ಜೋಳದ ಹಿಟ್ಟು ಕಲಸಿಟ್ಟರೆ ನಿಲ್ಲುವುದಿಲ್ಲ, ಅದು ನಿಜ. ಆದರೂ ಹಿಂದಿನ ದಿನ ಹೇಳಿದವರಿಗಾದರೂ ಹಣ ಬಿಡಬೇಕು ಎಂದು ನಾನು ಒತ್ತಾಯಿಸುತ್ತಲೇ ಇದ್ದೇನೆ.

ಬೋರ್ಡಿನ ವಿಷಯ ಮುಗಿದಿದೆ. ಬಣ್ಣ ಮಾಸಿತ್ತು, ಪೇಂಟರನ್ನು ಕರೆಸಿ ಅದೇ ನೀಲಿಯ ಮೇಲೆ ಅದೇ ಎರಡು ಅಕ್ಷರಗಳನ್ನು ಹೊಸದಾಗಿ ಬರೆಸಿದರು. ಕೆಳಗೆ ಊಟದ ಹೊತ್ತು ಸೇರಿಸಿದ್ದಾರೆ: ಮಧ್ಯಾಹ್ನ 12.30ರಿಂದ 2.30, ರಾತ್ರಿ 7.30ರಿಂದ 9.30. ರವಿವಾರ ರಾತ್ರಿ ಬಂದ್. ಬಿಸಿ ರೊಟ್ಟಿ ಬೇಕೆನ್ನುವವರು ಮಧ್ಯಾಹ್ನ ಒಂದೂವರೆಯೊಳಗೆ ಹೋಗಿ, ಎರಡರ ಮೇಲೆ ತಟ್ಟಿಟ್ಟದ್ದೇ ಗತಿ. ಹೊಸಬರು ಮೊದಲು ಒಂದು ಬುಧವಾರ ಗೆಸ್ಟ್ ಪ್ಲೇಟ್ ತೆಗೆದುಕೊಂಡು ಉಂಡು ನೋಡಿ. ಹಿಡಿಸಿದರೆ ತಿಂಗಳ ಕೊನೆಯ ವಾರದಲ್ಲೇ ಹಣ ಕಟ್ಟಿ ಹೆಸರು ಬರೆಸಿ. ಕಾಲೇಜು ಶುರುವಾಗುವ ಹೊತ್ತಿಗೆ ವಹಿಯಲ್ಲಿ ಪುಟ ಖಾಲಿ ಉಳಿಯುವುದಿಲ್ಲ.